ಇಪ್ಪತ್ತಮೂರು ಸಾವಿರದ ಪ್ರಶ್ನೆ

ಅರಸೀಕೆರೆಯ ಸಹಕಾರ ಸಂಘವೊಂದರ ಗುಮಾಸ್ತರು ಮಗಳೊಡನೆ ಮೊಬೈಲಿನ ಅಂಗಡಿಯ ಮೆಟ್ಟಿಲು ಹತ್ತಿದಾಗ ಅವರ ಬಳಿ ಇದ್ದುದು ೨೪,೦೦೦ ರೂಪಾಯಿ. ಅಂಚೆ ಕಚೇರಿಯಲ್ಲಿ ಐದು ವರ್ಷ ಬಿಡದೆ ಕಟ್ಟಿದ ಆರ್.ಡಿ.ಯ ಹಣದಲ್ಲಿ ಕಾಲೇಜಿನ ಶುಲ್ಕ, ಹಾಸ್ಟೆಲಿನ ಮುಂಗಡ, ಒಂದು ಹಾಸಿಗೆ, ಒಂದು ಟ್ರಂಕು ಇವೆಲ್ಲವೂ ಕಳೆದು ಮಿಕ್ಕ ಹಣವದು. ಮಗಳು ಮಂಗಳೂರಿನಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಓದಲು ಹೊರಟಿದ್ದಳು. ನಾಲ್ಕು ವರ್ಷದ ವ್ಯಾಸಂಗ. ಅವಳ ಕೈಯಲ್ಲಿದ್ದ ೨೦೧೮ರ ಫೋನು ಕೆಟ್ಟಿರಲಿಲ್ಲ. ಕರೆ ಹೋಗುತ್ತಿತ್ತು, ಬರುತ್ತಿತ್ತು. ಆದರೆ ಕೆಲವು ವಾರಗಳ ಹಿಂದೆ ಬ್ಯಾಂಕಿನ ಆ್ಯಪು ಅದರಲ್ಲಿ ತೆರೆದುಕೊಳ್ಳುವುದನ್ನೇ ನಿಲ್ಲಿಸಿಬಿಟ್ಟಿತು. ಯಂತ್ರವೇನೋ ಗಟ್ಟಿಯಾಗಿಯೇ ಇತ್ತು, ಒಳಗಿನ ತಂತ್ರಾಂಶ ಹಳತಾಗಿತ್ತು. ದೂರದೂರಿನಲ್ಲಿ ಒಂಟಿಯಾಗಿ ಇರಬೇಕಾದ ಹುಡುಗಿಗೆ ತಂದೆ ಕಳುಹಿಸಿದ ಹಣ ಕೈಗೆ ಸಿಗದಿದ್ದರೆ ಗತಿಯೇನು?

ಅಂಗಡಿಯ ಹುಡುಗ ಚುರುಕಿನವನು. ಎಷ್ಟರೊಳಗೆ ಬೇಕೆಂದು ಕೇಳಿದವನೇ ಗಾಜಿನ ಮೇಜಿನ ಮೇಲೆ ಮೂರು ಫೋನುಗಳನ್ನು ಸಾಲಾಗಿ ಇಟ್ಟ. ಮೊದಲನೆಯದಕ್ಕೆ ೨೧,೯೯೯ ರೂಪಾಯಿ; ಅದರ ಬೆನ್ನಿನ ಮೇಲೆ ಮೂರು ಕ್ಯಾಮೆರಾ ಕಣ್ಣುಗಳು, ಪೆಟ್ಟಿಗೆಯ ಮೇಲೆ ೧೦೮ ಮೆಗಾಪಿಕ್ಸೆಲ್ ಎಂಬ ದಪ್ಪಕ್ಷರ, ಮುಕ್ಕಾಲು ಗಂಟೆಯಲ್ಲಿ ಬ್ಯಾಟರಿ ತುಂಬಿಸುವ ಚಾರ್ಜರು. ಎರಡನೆಯದಕ್ಕೆ ೨೩,೬೦೦, ನೋಡಲು ಸಾಧಾರಣ, ಪೆಟ್ಟಿಗೆಯಲ್ಲಿ ಚಾರ್ಜರು ಸಹ ಇಲ್ಲ. ಮೂರನೆಯದು ಎರಡು ವರ್ಷದ ಹಿಂದೆ ಅರವತ್ತು ಸಾವಿರಕ್ಕೆ ಮಾರಿದ ದೊಡ್ಡ ಫೋನು. ಯಾರೋ ಬಳಸಿ ಬಿಟ್ಟದ್ದು, ಈಗ ೨೨,೦೦೦ಕ್ಕೆ ಬಂದು ನಿಂತಿತ್ತು.

"ಸಾರ್, ಕಣ್ಣು ಮುಚ್ಚಿಕೊಂಡು ಮೊದಲನೇದನ್ನ ತಗೊಳ್ಳಿ. ಕಾಲೇಜು ಹುಡುಗೀರೆಲ್ಲ ಇದನ್ನೇ ತಗೊಂಡು ಹೋಗ್ತಿರೋದು" ಎಂದ ಹುಡುಗ.

ಮಗಳ ಕಣ್ಣು ಅದರ ಮೇಲೆಯೇ ಇತ್ತು. ತಂದೆ ಮಾತ್ರ ಕನ್ನಡಕ ಏರಿಸಿ, ಪೆಟ್ಟಿಗೆಯ ನಾಲ್ಕು ಮಗ್ಗುಲನ್ನೂ ಓದತೊಡಗಿದರು. ಲೆಕ್ಕ ಬರೆದು ಬದುಕುವವರು ಕಣ್ಣು ಮುಚ್ಚಿಕೊಂಡು ಏನನ್ನೂ ಕೊಳ್ಳುವುದಿಲ್ಲ.

ಹತ್ತು ಸಾವಿರದ ಫೋನು ಕೊಳ್ಳುವವನಿಗೂ ಲಕ್ಷ ರೂಪಾಯಿಯ ಫೋನು ಕೊಳ್ಳುವವನಿಗೂ ಇಷ್ಟು ಯೋಚನೆ ಬೇಕಾಗುವುದಿಲ್ಲ. ಮೊದಲನೆಯವನು ಸಿಕ್ಕಿದ್ದರಲ್ಲಿ ತೃಪ್ತಿಪಡುತ್ತಾನೆ. ಎರಡನೆಯವನಿಗೆ ಬೇಕಾದುದೆಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತದೆ. ಸುಮಾರು ಹದಿನೈದು ಸಾವಿರದಿಂದ ಮೂವತ್ತು ಸಾವಿರದವರೆಗಿನ ಮಧ್ಯಮ ದರ್ಜೆಯಲ್ಲಿಯೇ ನಿಜವಾದ ಇಕ್ಕಟ್ಟು ಇರುವುದು. ಈ ಬೆಲೆಯೊಳಗೆ ಒಂದನ್ನು ಹೆಚ್ಚಾಗಿ ಕೊಡಬೇಕಾದರೆ ತಯಾರಕನು ಮತ್ತೊಂದರಲ್ಲಿ ಕಡಿತ ಮಾಡಲೇಬೇಕು. ಕೊಟ್ಟದ್ದನ್ನು ಆತ ಪೆಟ್ಟಿಗೆಯ ಮೇಲೆ ಅಚ್ಚುಹಾಕಿಸುತ್ತಾನೆ. ಕಳೆದದ್ದನ್ನು ಗಿರಾಕಿಯೇ ಹುಡುಕಿಕೊಳ್ಳಬೇಕು.

ಆ ೧೦೮ ಮೆಗಾಪಿಕ್ಸೆಲ್ ಎಂಬ ಅಂಕಿಯನ್ನೇ ನೋಡಬಹುದು. ಚಿತ್ರವನ್ನು ಹಿಡಿಯುವ ಫಲಕದಲ್ಲಿ ಹತ್ತು ಕೋಟಿ ಎಂಬತ್ತು ಲಕ್ಷ ಬಿಂದುಗಳಿವೆ ಎಂಬುದು ಸುಳ್ಳಲ್ಲ. ಆದರೆ ಬಿಂದುಗಳು ಅಷ್ಟು ಸಣ್ಣವಾದಾಗ ಒಂದೊಂದಕ್ಕೆ ಬೀಳುವ ಬೆಳಕು ಬಹಳ ಕಡಿಮೆ. ಆದ್ದರಿಂದ ಸಾಮಾನ್ಯ ಸಂದರ್ಭಗಳಲ್ಲಿ ಫೋನು ಒಂಬತ್ತು ಬಿಂದುಗಳನ್ನು ಒಟ್ಟುಗೂಡಿಸಿ ಒಂದಾಗಿ ಎಣಿಸುತ್ತದೆ. ಕೊನೆಗೆ ಕೈಗೆ ಬರುವುದು ೧೨ ಮೆಗಾಪಿಕ್ಸೆಲಿನ ಚಿತ್ರ. ೫೦ ಮೆಗಾಪಿಕ್ಸೆಲಿನ ಕ್ಯಾಮೆರಾ ನಾಲ್ಕು ನಾಲ್ಕನ್ನು ಕೂಡಿಸಿ ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತದೆ. ಬಿಂದುಗಳ ಸಂಖ್ಯೆಗಿಂತ ಫಲಕದ ಗಾತ್ರ ದೊಡ್ಡದಾಗಿದೆಯೆ, ಕೈ ನಡುಗಿದರೂ ಮಸೂರವನ್ನು ಸ್ಥಿರವಾಗಿ ಹಿಡಿಯುವ ಓ.ಐ.ಎಸ್. ಎಂಬ ವ್ಯವಸ್ಥೆ ಇದೆಯೆ ಎಂಬುದು ಮುಖ್ಯ. ಸಂಜೆಯ ದೀಪದ ಬೆಳಕಿನಲ್ಲಿ ತೆಗೆದ ಮುಖ ಮಸುಕಾಗದಿರುವುದು ಇವುಗಳಿಂದ. ಇನ್ನು ಮೂರು ಕಣ್ಣುಗಳಲ್ಲಿ ೨ ಮೆಗಾಪಿಕ್ಸೆಲಿನದೊಂದು ಇದ್ದರೆ ಅದನ್ನು ದೃಷ್ಟಿಬೊಟ್ಟೆಂದು ತಿಳಿದು ಸುಮ್ಮನಾಗುವುದು ಒಳ್ಳೆಯದು.

"ಹದಿನಾರು ಜಿ.ಬಿ. ರ್‍ಯಾಮ್ ಸಾರ್!" ಎಂಬ ಇನ್ನೊಂದು ಮಾತೂ ಬಂದಿತು. ಪೆಟ್ಟಿಗೆಯಲ್ಲಿ ಅದು ೮+೮ ಎಂದು ಬರೆದಿತ್ತು. ಈ ಕೂಡುವ ಚಿಹ್ನೆಯ ಬಳಿ ಗುಮಾಸ್ತರು ಬೆರಳಿಟ್ಟು ನಿಂತದ್ದು ಸರಿಯೇ ಆಯಿತು. ಕಚೇರಿಯ ಪರಿಭಾಷೆಯಲ್ಲಿ ಹೇಳುವುದಾದರೆ ರ್‍ಯಾಮ್ ಎಂಬುದು ಗುಮಾಸ್ತನ ಮೇಜು. ಸ್ಟೋರೇಜ್ ಎಂಬುದು ಕಡತಗಳ ಕಪಾಟು. ಮೇಜು ದೊಡ್ಡದಾದಷ್ಟೂ ಹೆಚ್ಚು ಕಡತಗಳನ್ನು ಏಕಕಾಲದಲ್ಲಿ ಬಿಚ್ಚಿಡಬಹುದು. ಈ ಎರಡನೆಯ ಎಂಟು, ಮೇಜಿನದಲ್ಲ. ಕಪಾಟಿನ ಒಂದು ಅಂತಸ್ತನ್ನು ಮೇಜೆಂದು ಕರೆದದ್ದು. ಅಲ್ಲಿಗೆ ಎದ್ದುಹೋಗಿ ಬರಲು ಸಮಯ ಹಿಡಿಯುತ್ತದೆ, ಕಪಾಟಿನ ಜಾಗವೂ ಅಷ್ಟು ಕಡಿಮೆಯಾಗುತ್ತದೆ. ಎಂಟು ಜಿ.ಬಿ. ನಿಜವಾದ ಮೇಜು ಇದ್ದರೆ ವಿದ್ಯಾರ್ಥಿನಿಯೊಬ್ಬಳಿಗೆ ಸಾಕು. ಆರಕ್ಕಿಂತ ಕಡಿಮೆಯಾದರೆ ಎರಡನೆಯ ವರ್ಷವೇ ತೊಡಕು ಆರಂಭವಾಗುತ್ತದೆ.

ಕಪಾಟಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ೧೨೮ ಜಿ.ಬಿ. ಎಂದರೆ ಅಷ್ಟೂ ಕೊಂಡವರಿಗೆ ಸಿಗುವುದಿಲ್ಲ; ಫೋನಿನ ಸ್ವಂತ ತಂತ್ರಾಂಶವೇ ಅದರಲ್ಲಿ ಒಂದು ಒಳ್ಳೆಯ ಪಾಲನ್ನು ನುಂಗಿರುತ್ತದೆ. ಉಳಿದುದನ್ನು ಪಾಠಗಳ ವಿಡಿಯೊ, ಗೆಳತಿಯರ ಚಿತ್ರಗಳು, ನೆಂಟರಿಷ್ಟರು ದಿನ ಬೆಳಗಾದರೆ ಕಳುಹಿಸುವ ಹೂವಿನ ಚಿತ್ರದ ಶುಭೋದಯಗಳು ಮೆಲ್ಲಮೆಲ್ಲನೆ ತುಂಬಿಬಿಡುತ್ತವೆ. ತುಂಬಿದ ಕಪಾಟಿನಿಂದ ಫೋನೇ ನಿಧಾನವಾಗುತ್ತದೆ. ಜನ ಅದನ್ನು ಹಳತಾಯಿತೆಂದು ಬಿಸಾಡುತ್ತಾರೆ. ಹಿಂದೆ ಕಾರ್ಡು ಸೇರಿಸಿ ಜಾಗ ಹೆಚ್ಚಿಸಿಕೊಳ್ಳುವ ಅನುಕೂಲವಿತ್ತು. ಈಗ ಈ ದರ್ಜೆಯ ಅನೇಕ ಫೋನುಗಳಲ್ಲಿ ಆ ಕಿಂಡಿಯನ್ನೇ ಮುಚ್ಚಿದ್ದಾರೆ. ಒಂದೆರಡು ಸಾವಿರ ಹೆಚ್ಚಾದರೂ ೨೫೬ ಜಿ.ಬಿ. ಕೊಳ್ಳಬಹುದಾದವರು ಕೊಳ್ಳುವುದು ಲೇಸು.

ಇಷ್ಟು ಹೊತ್ತಿಗೆ ಅಂಗಡಿಯ ಹುಡುಗನಿಗೆ ಇವರು ಬೇಗ ಹೊರಡುವ ಗಿರಾಕಿಗಳಲ್ಲವೆಂದು ಮನವರಿಕೆಯಾಗಿತ್ತು. ಗುಮಾಸ್ತರು ಒಂದು ಪ್ರಶ್ನೆ ಕೇಳಿದರು.

"ಏನಪ್ಪ, ಈ ಫೋನು ಎಷ್ಟು ವರ್ಷ ಬರುತ್ತೆ?"

"ಒಂದು ವರ್ಷ ವಾರಂಟಿ ಇದೆ ಸಾರ್."

"ವಾರಂಟಿ ಕೇಳಲಿಲ್ಲ ನಾನು. ನಾಲ್ಕು ವರ್ಷ ಆದ ಮೇಲೂ ಇದರಲ್ಲಿ ಬ್ಯಾಂಕಿನ ಕೆಲಸ ನಡೆಯುತ್ತೋ ಇಲ್ಲವೋ?"

ಹುಡುಗ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅಲ್ಲಿ ಆ ವಿಷಯ ಬರೆದಿರಲಿಲ್ಲ.

ಈ ದರ್ಜೆಯ ಫೋನು ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ, ಆದರೆ ಬಹುಪಾಲು ಜನ ಕೊನೆಯಲ್ಲಿಯೂ ಕೇಳದ ಪ್ರಶ್ನೆಯೂ ಇದೇ. ಫೋನಿನ ತಂತ್ರಾಂಶದಲ್ಲಿ ಕಳ್ಳರು ನುಗ್ಗಬಹುದಾದ ಬಿರುಕುಗಳು ಆಗಾಗ ಬೆಳಕಿಗೆ ಬರುತ್ತಿರುತ್ತವೆ. ೨೦೧೫ರಲ್ಲಿ ಸ್ಟೇಜ್‌ಫ್ರೈಟ್ ಎಂದು ಹೆಸರಾದ ಅಂತಹುದೊಂದು ಬಿರುಕು ಕೋಟ್ಯಂತರ ಆಂಡ್ರಾಯ್ಡ್ ಫೋನುಗಳಲ್ಲಿರುವುದು ಪತ್ತೆಯಾಯಿತು. ಕೇಡಿಗನೊಬ್ಬ ಕಳುಹಿಸಿದ ಚಿತ್ರಸಂದೇಶವೇ ಫೋನನ್ನು ಅವನ ವಶಕ್ಕೆ ಒಪ್ಪಿಸಬಹುದಾಗಿತ್ತು. ಆ ವರ್ಷದ ಆಗಸ್ಟಿನಿಂದ ಗೂಗಲ್ ಸಂಸ್ಥೆ ಪ್ರತಿ ತಿಂಗಳೂ ಭದ್ರತೆಯ ತೇಪೆಗಳನ್ನು ಪ್ರಕಟಿಸುವ ಪದ್ಧತಿಯನ್ನು ಇಟ್ಟುಕೊಂಡಿತು. ಆದರೆ ಆ ತೇಪೆಯನ್ನು ತನ್ನ ಫೋನಿಗೆ ಹೊಂದಿಸಿ ಗಿರಾಕಿಗೆ ತಲುಪಿಸಬೇಕಾದವನು ಫೋನಿನ ತಯಾರಕ. ಆತ ಎಷ್ಟು ವರ್ಷ ತಲುಪಿಸುತ್ತಾನೋ ಅಷ್ಟೇ ಆ ಫೋನಿನ ನಿಶ್ಚಿಂತೆಯ ಆಯುಷ್ಯ.

ಆ ಆಯುಷ್ಯ ತೀರಿದ ಮರುದಿನವೇ ಫೋನು ಸತ್ತುಹೋಗುವುದೆಂದು ಹೆದರಬೇಕಾಗಿಲ್ಲ. ವಾಟ್ಸ್‌ಆ್ಯಪ್, ೨೦೧೩ರಲ್ಲಿ ಬಂದ ಆಂಡ್ರಾಯ್ಡ್ ೪.೪ನ್ನು ಕೈಬಿಟ್ಟದ್ದು ೨೦೨೫ರ ಜನವರಿಯಲ್ಲಿ. ಹನ್ನೊಂದು ವರ್ಷಕ್ಕೂ ಮೇಲೆ! ಮಾತುಕತೆಯ ಆ್ಯಪುಗಳು ಇಷ್ಟು ಉದಾರವಾಗಿರುತ್ತವೆ. ಹಣದ ಆ್ಯಪುಗಳು ಹಾಗಲ್ಲ, ಹಾಗಿರಲೂಬಾರದು. ಬೀಗ ಸಡಿಲವಾದ ಮನೆಯಲ್ಲಿ ಹರಟಲು ಕುಳಿತುಕೊಳ್ಳಬಹುದು, ಹಣದ ಪೆಟ್ಟಿಗೆ ಇಡಲಾಗುವುದಿಲ್ಲ.

ತಯಾರಕರು ಕೊಡುವ ಮಾತಿನಲ್ಲಿಯೂ ಅಜಗಜಾಂತರವುಂಟು. ಗೂಗಲ್ ೨೦೨೩ರಲ್ಲಿ ಪಿಕ್ಸೆಲ್ ೮ರ ಕಾಲದಿಂದ ಏಳು ವರ್ಷವೆಂದು ಘೋಷಿಸಿತು. ಅದು ದುಬಾರಿ ಫೋನು. ಸ್ಯಾಮ್‌ಸಂಗ್ ೨೦೨೫ರಲ್ಲಿ ಗೆಲಾಕ್ಸಿ ಎ೩೬, ಎ೫೬ ಎಂಬ ಮಧ್ಯಮ ದರ್ಜೆಯ ಮಾದರಿಗಳಿಗೆ ಆರು ವರ್ಷದ ಮಾತು ಕೊಟ್ಟಿತು. ನಥಿಂಗ್ ಕಂಪನಿಯ ಅದೇ ವರ್ಷದ ೩ಎ ಮಾದರಿಗೆ ಭದ್ರತೆಯ ತೇಪೆ ಆರು ವರ್ಷ, ಆಂಡ್ರಾಯ್ಡಿನ ಹೊಸ ಆವೃತ್ತಿಗಳು ಮೂರು ವರ್ಷ. ಇವೆರಡೂ ಬೇರೆ ಬೇರೆ ಎಂಬುದನ್ನು ಗಮನಿಸಬೇಕು. ಹೊಸ ಆವೃತ್ತಿ ಎಂದರೆ ಮನೆಗೆ ಸುಣ್ಣಬಣ್ಣ, ಹೊಸ ಕಿಟಕಿ. ಭದ್ರತೆಯ ತೇಪೆ ಎಂದರೆ ಬೀಗದ ದುರಸ್ತಿ. ಒಂದನ್ನು ಬಿಡಬೇಕಾಗಿ ಬಂದರೆ ಯಾವುದನ್ನು ಬಿಡಬೇಕೆಂದು ಸಂಸಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಬೆಲೆಗೆ ಎರಡೋ ಮೂರೋ ವರ್ಷಕ್ಕೆ ಕೈತೊಳೆದುಕೊಳ್ಳುವ ಮಾದರಿಗಳೂ ಪಕ್ಕದಲ್ಲಿಯೇ ಮಾರಾಟವಾಗುತ್ತವೆ.

ಇದರಲ್ಲಿ ಒಂದು ಒಳಗುಟ್ಟಿದೆ. ಈ ವರ್ಷಗಳನ್ನು ಎಣಿಸುವುದು ಸಾಮಾನ್ಯವಾಗಿ ಆ ಮಾದರಿ ಮಾರುಕಟ್ಟೆಗೆ ಬಿಡುಗಡೆಯಾದ ದಿನದಿಂದ, ಗಿರಾಕಿ ಕೊಂಡ ದಿನದಿಂದಲ್ಲ. ದೀಪಾವಳಿಯ ರಿಯಾಯಿತಿಯಲ್ಲಿ ನಾಲ್ಕು ಸಾವಿರ ಇಳಿದ ಫೋನು ಒಂದೂವರೆ ವರ್ಷದ ಹಿಂದೆ ಬಿಡುಗಡೆಯಾದದ್ದಾದರೆ, ನಾಲ್ಕು ವರ್ಷದ ಮಾತಿನಲ್ಲಿ ಒಂದೂವರೆ ವರ್ಷ ಅಂಗಡಿಯ ಕಪಾಟಿನಲ್ಲಿಯೇ ಕಳೆದುಹೋಗಿರುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ತಿಂಗಳು ಮತ್ತು ವರ್ಷ ಆ ಒಂದು ಫೋನು ತಯಾರಾದ ದಿನದ್ದು. ಅದನ್ನು ನಂಬಿ ಲೆಕ್ಕ ಹಾಕಿದವರು ಮೋಸಹೋಗುತ್ತಾರೆ. ಮಾದರಿಯ ಹೆಸರನ್ನು ಬರೆದುಕೊಂಡು ಅದು ಮೊದಲು ಬಿಡುಗಡೆಯಾದ ತಿಂಗಳನ್ನು ಹುಡುಕಿಕೊಳ್ಳಬೇಕು. ಯುರೋಪಿನ ಒಕ್ಕೂಟ ಈ ಅನ್ಯಾಯವನ್ನು ಕಾನೂನಿನಿಂದಲೇ ಸರಿಪಡಿಸಿದೆ. ೨೦೨೫ರ ಜೂನ್ ೨೦ರಿಂದ ಅಲ್ಲಿ ಜಾರಿಯಲ್ಲಿರುವ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ದಿನದಿಂದ ಕನಿಷ್ಠ ಐದು ವರ್ಷ ತಂತ್ರಾಂಶದ ನವೀಕರಣಗಳು ದೊರೆಯಬೇಕು, ಮುಖ್ಯ ಬಿಡಿಭಾಗಗಳು ಏಳು ವರ್ಷ ಸಿಗುವಂತಿರಬೇಕು. ಭಾರತದ ಗಿರಾಕಿಗೆ ಆ ಕಾನೂನಿನ ನೇರವಾದ ರಕ್ಷಣೆಯಿಲ್ಲ. ಇಲ್ಲಿ ೨೦೨೨ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲನ್ನು ತೆರೆಯಿತು. ಫೋನು ಮುಂತಾದವುಗಳಿಗೆ ಎಷ್ಟು ಸುಲಭವಾಗಿ ರಿಪೇರಿಯಾಗುತ್ತವೆಂಬ ಅಂಕ ಕೊಡುವ ವಿಚಾರಕ್ಕೆ ೨೦೨೪ರಲ್ಲಿ ಸಮಿತಿಯೊಂದನ್ನು ನೇಮಿಸಿತು. ಫ್ರಾನ್ಸಿನಲ್ಲಿ ಅಂತಹ ಅಂಕವನ್ನು ೨೦೨೧ರಿಂದಲೇ ಗಿರಾಕಿಗೆ ಕಾಣುವಂತೆ ತೋರಿಸುವುದು ಕಡ್ಡಾಯವಾಯಿತು.

ಹಾಗಾದರೆ ಹೆಚ್ಚು ವರ್ಷದ ಮಾತು ಕೊಟ್ಟ ಫೋನನ್ನು ಕಣ್ಣು ಮುಚ್ಚಿ ಕೊಂಡುಬಿಡಬಹುದೆ? ಅಲ್ಲಿಯೂ ತಕ್ಕಡಿ ಹಿಡಿಯಬೇಕು. ಆರು ವರ್ಷದ ಮಾತು ಕೊಟ್ಟ ಕೆಲವು ಅಗ್ಗದ ಮಾದರಿಗಳಲ್ಲಿ ಪ್ರೊಸೆಸರ್ ದುರ್ಬಲ, ರ್‍ಯಾಮ್ ನಾಲ್ಕೇ ಜಿ.ಬಿ. ಪ್ರತಿ ವರ್ಷವೂ ಭಾರವಾಗುತ್ತ ಬರುವ ತಂತ್ರಾಂಶವನ್ನು ಹೇರಿದರೆ ಮುದಿ ಎತ್ತಿಗೆ ಹೊಸ ನೊಗ ಕಟ್ಟಿದಂತೆ. ಮಾತು ಆರು ವರ್ಷ ಉಳಿಯುತ್ತದೆ, ಎತ್ತು ಮೂರನೆಯ ವರ್ಷಕ್ಕೇ ಮಲಗುತ್ತದೆ. ಮತ್ತೊಂದೆಡೆ ಚುರುಕಾದ ಪ್ರೊಸೆಸರಿನ ಆಟದ ಫೋನುಗಳುಂಟು; ಓಟ ಅದ್ಭುತ, ಮಾತು ಎರಡೇ ವರ್ಷ. ಅಂಗಡಿಯ ಎರಡನೆಯ ಫೋನು ಇವೆರಡರ ನಡುವಿನದು: ಪ್ರೊಸೆಸರ್ ಮಧ್ಯಮ, ರ್‍ಯಾಮ್ ನಿಜವಾದ ಎಂಟು, ಮಾತು ಆರು ವರ್ಷ, ಬಿಡುಗಡೆಯಾಗಿ ಏಳು ತಿಂಗಳು.

ಗುಮಾಸ್ತರು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಮೊದಲನೆಯ ಫೋನಿಗೆ ಎರಡು ವರ್ಷದ ಮಾತು. ಎಳೆದಾಡಿದರೆ ಮೂರು ವರ್ಷ. ವರ್ಷಕ್ಕೆ ಏಳು ಸಾವಿರದ ಮುನ್ನೂರಕ್ಕೂ ಮೇಲೆ ಬಿದ್ದಿತು; ಅದಲ್ಲದೆ ವ್ಯಾಸಂಗದ ಕೊನೆಯ ವರ್ಷ ಮತ್ತೊಂದು ಫೋನಿಗೆ ಹಣ ಹೊಂದಿಸಬೇಕು. ಎರಡನೆಯದರ ೨೩,೬೦೦ಕ್ಕೆ ನಡುವೆ ಒಮ್ಮೆ ಬ್ಯಾಟರಿ ಬದಲಿಸುವ ಖರ್ಚು ಎರಡೂವರೆ ಸಾವಿರ ಸೇರಿಸಿ ಐದು ವರ್ಷಕ್ಕೆ ಹಂಚಿದರೆ ೫,೨೨೦. ಈ ಅಂಗಡಿಯಲ್ಲಿ ಅಗ್ಗದ ಫೋನು ಯಾವುದೆಂಬುದು ಈಗ ತಿರುಗುಮುರುಗಾಯಿತು.

ಬ್ಯಾಟರಿಯ ಮಾತನ್ನು ಲೆಕ್ಕಕ್ಕೆ ಸೇರಿಸಿಕೊಂಡದ್ದು ಅವರ ಜಾಣತನ. ೧೯೯೧ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಯೇ ಇಂದಿನ ಫೋನುಗಳ ಪ್ರಾಣ. ಅದರ ಹಿಂದಿನ ಸಂಶೋಧನೆಗೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಆದರೂ ಅದು ಸವೆಯುವ ವಸ್ತು. ಪೂರ್ತಿ ಖಾಲಿಯಾಗುವಷ್ಟು ಬಳಸಿ ಪೂರ್ತಿ ತುಂಬಿಸುವುದನ್ನು ಒಂದು ಸುತ್ತೆನ್ನುತ್ತಾರೆ. ಸಾಧಾರಣ ಬ್ಯಾಟರಿ ಸುಮಾರು ಐನೂರು ಸುತ್ತುಗಳಲ್ಲಿ ತನ್ನ ಶಕ್ತಿಯ ಐದನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ದಿನಕ್ಕೊಂದು ಸುತ್ತಾದರೆ ಅದು ಒಂದೂವರೆ ವರ್ಷದ ಮಾತು. ಮೇಲೆ ಹೇಳಿದ ಯುರೋಪಿನ ನಿಯಮ ಎಂಟುನೂರು ಸುತ್ತುಗಳ ನಂತರವೂ ನೂರಕ್ಕೆ ಎಂಬತ್ತರಷ್ಟು ಶಕ್ತಿ ಉಳಿದಿರಬೇಕೆನ್ನುತ್ತದೆ. ಬ್ಯಾಟರಿಗೆ ನಿಜವಾದ ಶತ್ರು ಶಾಖ. ದಿಂಬಿನ ಕೆಳಗೆ ಇಟ್ಟು ರಾತ್ರಿಯಿಡೀ ತುಂಬಿಸುವುದು, ಬಿಸಿಲಿಗೆ ಕಾದ ಬಸ್ಸಿನ ಕಿಟಕಿಯ ಬಳಿ ಬಿಟ್ಟಿರುವುದು, ಇವು ಸದ್ದಿಲ್ಲದೆ ಅದರ ಆಯುಷ್ಯವನ್ನು ತಿನ್ನುತ್ತವೆ. ನೂರಕ್ಕೆ ಎಂಬತ್ತು ತುಂಬಿದೊಡನೆ ನಿಲ್ಲಿಸುವ ಏರ್ಪಾಡು ಈಗ ಅನೇಕ ಫೋನುಗಳಲ್ಲಿದೆ, ಅದನ್ನು ಉಪಯೋಗಿಸಿಕೊಳ್ಳುವವರು ವಿರಳ.

ಬ್ಯಾಟರಿ ಬದಲಿಸುವುದಾದರೆ ಎಲ್ಲಿ? ಒಡೆದ ಪರದೆಯನ್ನು ಹಾಕಿಸುವುದೆಲ್ಲಿ? ದೊಡ್ಡ ನಗರದವರಿಗೆ ಹೊಳೆಯದ ಈ ಪ್ರಶ್ನೆ ತಾಲ್ಲೂಕು ಕೇಂದ್ರದವರಿಗೆ ದೊಡ್ಡದು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಹಾಸನದಲ್ಲಿದೆಯೋ, ಮಂಗಳೂರಿನಲ್ಲಿದೆಯೋ, ಬೆಂಗಳೂರಿಗೇ ಕಳುಹಿಸಬೇಕೋ ಎಂಬುದನ್ನು ಕೊಳ್ಳುವ ಮುನ್ನ ತಿಳಿಯಬೇಕು. ಪರದೆಯ ಬೆಲೆಯನ್ನೂ ಮುಂಚೆಯೇ ವಿಚಾರಿಸಬೇಕು. ಅಂಚು ಬಾಗಿದ, ಹೊಳೆಯುವ ಅಮೋಲೆಡ್ ಪರದೆ ಕಣ್ಣಿಗೆ ಹಬ್ಬ. ಕೈಜಾರಿ ಬಿದ್ದ ದಿನ ಕೆಲವೊಮ್ಮೆ ಫೋನಿನ ಬೆಲೆಯ ಮೂರನೆಯ ಒಂದು ಭಾಗವನ್ನೇ ಕೇಳಿಬಿಡುತ್ತದೆ. ಚಪ್ಪಟೆಯಾದ ಪರದೆ ಅಷ್ಟು ಅಂದವಲ್ಲದಿದ್ದರೂ ಸಂಸಾರಕ್ಕೆ ಹೊಂದಿಕೊಳ್ಳುತ್ತದೆ.

ಮಂಗಳೂರು ಎಂದ ಮೇಲೆ ಮಳೆಯನ್ನು ಮರೆಯುವಂತಿಲ್ಲ. ಐ.ಪಿ. ೬೭ ಎಂದು ಬರೆದಿದ್ದರೆ ಧೂಳು ಒಳಸೇರದು, ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆದುಕೊಳ್ಳುತ್ತದೆ ಎಂದರ್ಥ. ಐ.ಪಿ. ೫೪ ಆದರೆ ಎರಚಲು ಮಾತ್ರ ತಡೆಯುತ್ತದೆ. ಈ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಸಿಹಿನೀರಿನಲ್ಲಿ, ಪಣಂಬೂರಿನ ಉಪ್ಪುನೀರಿನಲ್ಲಲ್ಲ. ಆದರೂ ನೀರು ಹೊಕ್ಕು ಕೆಟ್ಟರೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಇದು ವಿಚಿತ್ರವೆಂದು ಯಾರಿಗಾದರೂ ತೋರಿದರೆ ಆಶ್ಚರ್ಯವಿಲ್ಲ.

ಮೂರನೆಯ ಫೋನಿನ ಆಕರ್ಷಣೆ ಕಡಿಮೆಯದೇನಲ್ಲ. ಬಳಸಿದ ದೊಡ್ಡ ಫೋನಿನ ಕ್ಯಾಮೆರಾ, ಪರದೆ, ವೇಗಗಳನ್ನು ಹೊಸ ಮಧ್ಯಮ ಫೋನು ಮುಟ್ಟಲಾರದು. ಆದರೆ ಬ್ಯಾಟರಿ ಎರಡು ವರ್ಷ ಸವೆದಿರುತ್ತದೆ, ನವೀಕರಣದ ವರ್ಷಗಳು ಕರಗಿರುತ್ತವೆ, ಹಿಂದೆ ಯಾರ ಕೈಯಲ್ಲಿತ್ತೆಂಬುದು ತಿಳಿಯದು. ಕದ್ದ ಮಾಲಾಗಿರಬಹುದೆಂಬ ಭಯಕ್ಕೆ ಮಾತ್ರ ಒಂದು ಪರಿಹಾರವಿದೆ. ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಎಂದು ಒತ್ತಿದರೆ ಪ್ರತಿ ಫೋನೂ ತನ್ನ ಹದಿನೈದು ಅಂಕಿಯ ಐ.ಎಂ.ಇ.ಐ. ಸಂಖ್ಯೆಯನ್ನು ತೋರಿಸುತ್ತದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಸೇವೆಯಲ್ಲಿ ಆ ಸಂಖ್ಯೆಯನ್ನು ಕೊಟ್ಟು, ಅಥವಾ ೧೪೪೨೨ಕ್ಕೆ ಸಂದೇಶ ಕಳುಹಿಸಿ ಫೋನಿನ ಪೂರ್ವಾಪರವನ್ನು ತಿಳಿಯಬಹುದು. ಸ್ವಂತ ಫೋನು ಕಳೆದರೂ ೨೦೨೩ರಲ್ಲಿ ದೇಶಕ್ಕೆಲ್ಲ ತೆರೆದ ಇದೇ ಸೇವೆಯಿಂದ ಅದನ್ನು ಯಾರೂ ಬಳಸದಂತೆ ಕಟ್ಟಿಹಾಕಿಸಬಹುದು. ಬಿಲ್ಲು, ವಾರಂಟಿ ಕೊಡುವ ಅಂಗಡಿಯಲ್ಲಿ ಹಳೆಯ ಫೋನು ಕೊಳ್ಳುವುದು ತಪ್ಪಲ್ಲ. ಮನೆಯಲ್ಲಿ ಇನ್ನೊಂದು ಫೋನು ಇರುವವರಿಗೆ ಅದು ಒಪ್ಪುತ್ತದೆ. ದೂರದೂರಿನಲ್ಲಿ ಒಂದೇ ಫೋನನ್ನು ನಂಬಿಕೊಂಡಿರುವವರಿಗೆ ಒಪ್ಪುವುದಿಲ್ಲ.

ಹುಡುಗ ಕೊನೆಯ ಅಸ್ತ್ರ ತೆಗೆದ. "ದುಡ್ಡಿನ ಯೋಚನೆ ಆದ್ರೆ ಮೂವತ್ತು ಸಾವಿರದ್ದನ್ನೇ ತಗೊಳ್ಳಿ ಸಾರ್, ಬಡ್ಡಿ ಇಲ್ಲದ ಕಂತು ಮಾಡಿಕೊಡ್ತೀನಿ."

ಬಡ್ಡಿಯ ವಿಷಯವನ್ನು ಸಹಕಾರ ಸಂಘದ ಗುಮಾಸ್ತರಿಗೆ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಬಡ್ಡಿಯಿಲ್ಲದ ಸಾಲವೆಂಬುದು ವಾಸ್ತವದಲ್ಲಿ ಇರುವುದಿಲ್ಲವೆಂದು ರಿಸರ್ವ್ ಬ್ಯಾಂಕು ೨೦೧೩ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗದಿರಬಹುದು. ಪ್ರೊಸೆಸಿಂಗ್ ಶುಲ್ಕವೆಂದೋ ಮತ್ತೊಂದೆಂದೋ ಅದು ಬೇರೆ ವೇಷದಲ್ಲಿ ಬಂದೇ ಬರುತ್ತದೆ. ಗುಮಾಸ್ತರು ನಕ್ಕು ಸುಮ್ಮನಾದರು. ಅವರ ಕಣ್ಣು ಬಿಲ್ಲಿನ ಮತ್ತೊಂದು ಸಾಲಿನ ಮೇಲಿತ್ತು. ೨೩,೬೦೦ರಲ್ಲಿ ಫೋನಿನ ಬೆಲೆ ಇಪ್ಪತ್ತು ಸಾವಿರ. ಮಿಕ್ಕ ೩,೬೦೦ ಜಿ.ಎಸ್.ಟಿ. ೨೦೨೦ರ ಏಪ್ರಿಲ್ ಒಂದರಂದು ಫೋನುಗಳ ಮೇಲಿನ ಈ ತೆರಿಗೆ ನೂರಕ್ಕೆ ಹನ್ನೆರಡರಿಂದ ಹದಿನೆಂಟಕ್ಕೆ ಏರಿತು. ಬೆಲೆ ಇಳಿಯುವವರೆಗೆ ಕಾಯುವುದೂ ಈಗ ಭದ್ರವಾದ ಉಪಾಯವಾಗಿ ಉಳಿದಿಲ್ಲ. ೨೦೨೫ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ಯಂತ್ರಾಗಾರಗಳು ಮೆಮೊರಿ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಂಡ ಪರಿಣಾಮವಾಗಿ, ಫೋನಿಗೆ ಬೇಕಾದ ಅದೇ ಚಿಪ್ಪುಗಳ ಬೆಲೆ ಏರಿತು.

ಇಷ್ಟಾದರೂ ಮಗಳ ಮುಖ ಅರಳಲಿಲ್ಲ.

"ಅಪ್ಪ, ಫೋಟೊ ಅದರಲ್ಲೇ ಚೆನ್ನಾಗಿ ಬರುತ್ತೆ" ಎಂದಳು ಮೆಲ್ಲನೆ.

ಮಾತು ಕೇವಲ ಷೋಕಿಯದಾಗಿರಲಿಲ್ಲ. ಮನೆಯಲ್ಲಿ ತಾಯಿ ಹೇಳಿ ಕಳುಹಿಸಿದ್ದುದೂ ಅದನ್ನೇ: ದಿನಾ ಸಂಜೆ ಮಗಳ ಮುಖ ಚೆನ್ನಾಗಿ ಕಾಣಬೇಕು, ಅಷ್ಟಾದರೆ ಸಾಕು. ಗುಮಾಸ್ತರು ಎರಡು ಫೋನುಗಳನ್ನೂ ಮಗಳ ಕೈಗೆ ಕೊಟ್ಟು, ಅಂಗಡಿಯೊಳಗಿನ ಮಂದ ಬೆಳಕಿನ ಮೂಲೆಗೆ ಕರೆದೊಯ್ದು, ಎರಡರ ಮುಂಭಾಗದ ಕ್ಯಾಮೆರಾದಿಂದಲೂ ಅವಳ ಚಿತ್ರ ತೆಗೆಸಿದರು. ವಿಡಿಯೊ ಕರೆಗೆ ಉಪಯೋಗವಾಗುವುದು ಈ ಮುಂದಿನ ಕ್ಯಾಮೆರಾ; ಬೆನ್ನ ಮೇಲಿನ ೧೦೮ಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಹಿಡಿದಾಗ ವ್ಯತ್ಯಾಸ ಹೇಳುವುದು ಕಷ್ಟವಾಯಿತು. ಮೊದಲನೆಯದು ಮುಖವನ್ನು ಬೇಡದಿದ್ದರೂ ಬಿಳುಪುಗೊಳಿಸಿತ್ತು, ಅಷ್ಟೆ. ಅನಂತರ ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದು ಪರದೆಯ ಅಕ್ಷರಗಳನ್ನು ಓದಿಸಿದರು. ಸ್ಪೀಕರಿನಲ್ಲಿ ಒಂದು ಹಾಡು ಕೇಳಿದರು. ಹುಡುಗ ತಾಳ್ಮೆಯಿಂದ ನಿಂತಿದ್ದ. ಇಂತಹ ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ಕೊಳ್ಳದಿರುವುದೇ ಮೇಲು.

ಮಗಳು ಎರಡನೆಯದನ್ನು ಆರಿಸಿದಳು. ಪೂರ್ತಿ ಮನಸ್ಸಿನಿಂದಲೇ ಆರಿಸಿದಳೆಂದು ಹೇಳಲಾಗದು. ಮುಕ್ಕಾಲು ಗಂಟೆಯಲ್ಲಿ ತುಂಬುವ ಬ್ಯಾಟರಿಯ ಬದಲು ಒಂದೂವರೆ ಗಂಟೆ ಕಾಯಬೇಕು; ಗೆಳತಿಯರ ನಡುವೆ ಮೇಜಿನ ಮೇಲಿಟ್ಟಾಗ ಯಾರೂ ತಿರುಗಿ ನೋಡದ ಫೋನಿದು. ಹದಿನೆಂಟರ ಹರೆಯದಲ್ಲಿ ಇವು ಸಣ್ಣ ನಷ್ಟಗಳಲ್ಲ. ಚಾರ್ಜರಿಗೆಂದು ಹುಡುಗ ಮತ್ತೆ ಸಾವಿರದ ಇನ್ನೂರು ಕೇಳಿದ. ಅಷ್ಟು ಹಣ ಉಳಿದಿರಲಿಲ್ಲ. ಮನೆಯಲ್ಲಿ ಗುಮಾಸ್ತರ ಸ್ವಂತ ಫೋನಿನ ಟೈಪ್-ಸಿ ಚಾರ್ಜರು ಇದ್ದು, ಅದು ಇದಕ್ಕೂ ಹೊಂದುತ್ತಿತ್ತು. ಅದನ್ನು ಮಗಳ ಟ್ರಂಕಿಗೆ ಹಾಕುವುದೆಂದು ತೀರ್ಮಾನವಾಯಿತು. ಅವರಿಗೆ ಸಂಘದ ಕಚೇರಿಯಲ್ಲಿ ಒಂದು ಇದ್ದೇ ಇದೆ.

ಮನೆಗೆ ಬಂದ ಮೇಲೆ ಗುಮಾಸ್ತರು ಮೊದಲು ಮಾಡಿದ ಕೆಲಸ ಐ.ಎಂ.ಇ.ಐ. ಸಂಖ್ಯೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡದ್ದು. ಅದರ ಕೆಳಗೆ ಬಿಡುಗಡೆಯ ತಿಂಗಳು, ಭದ್ರತೆಯ ತೇಪೆ ಮುಗಿಯುವ ವರ್ಷ, ಹಾಸನ ಮತ್ತು ಮಂಗಳೂರಿನ ಸರ್ವಿಸ್ ಸೆಂಟರುಗಳ ವಿಳಾಸ, ಏನಾದರೂ ತಕರಾರು ಬಂದರೆ ಕರೆಯಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ೧೯೧೫ ಎಂಬ ಸಂಖ್ಯೆ. ೨೦೧೮ರ ಹಳೆಯ ಫೋನಿನಿಂದ ಬ್ಯಾಂಕಿನ ಆ್ಯಪು, ಹಣ ಕಳುಹಿಸುವ ಆ್ಯಪು ಎರಡನ್ನೂ ಅಳಿಸಿ ಹಾಕಿದರು. ಮಾತನಾಡುವುದಕ್ಕೆ, ಮುಖ ನೋಡುವುದಕ್ಕೆ ಅದು ಇನ್ನೂ ಸಾಕು. ಅದು ತಾಯಿಯ ಪಾಲಿಗೆ ಬಂದಿತು. ಮಂಗಳೂರಿನ ರೈಲು ಸಕಲೇಶಪುರವನ್ನು ದಾಟಿ ಘಟ್ಟವಿಳಿಯುವಾಗ ಸಿಗ್ನಲ್ ಸಿಗುವುದಿಲ್ಲವಂತೆ, ಗಾಬರಿಯಾಗಬೇಡ ಎಂದು ಮಗಳು ತಾಯಿಗೆ ಮೊದಲೇ ಹೇಳಿಟ್ಟಳು.